ಚಿಪ್ಪರ್ ಕಟ್ಟಿಕೊಂಡರೆ ಕಾಲು ಹಾಕಬೇಡಿ, ಬ್ಲೇಡ್ ನೋಡಿ

ಓದುಗರ ಪ್ರಶ್ನೆ: "ಸರ್, ನಮ್ಮಲ್ಲಿ 35 ಎಚ್‌ಪಿ ಟ್ರ್ಯಾಕ್ಟರ್ ಇದೆ. ಮರಗಳ ಕೊಂಬೆ ಕಡಿಸಿದ್ದೇವೆ, ದೊಡ್ಡ ರಾಶಿ ಬಿದ್ದಿದೆ. ಸುಡೋದು ಬೇಡ ಅಂತ ಪರಿಚಯದವರಿಂದ ಟ್ರ್ಯಾಕ್ಟರ್ ಹಿಂದೆ ಹಾಕುವ ಹಳೇ ಚಿಪ್ಪರ್ (ಕೊಂಬೆ ಚೂರು ಮಾಡುವ ಮಷಿನ್) ತಂದೆವು. ಆರು ಇಂಚಿನ ಕೊಂಬೆ ತನಕ ಕತ್ತರಿಸುತ್ತೆ ಅಂದಿದ್ದರು. ಕೊಂಬೆಯನ್ನು ಒಳಗೆ ಎಳೆಯುವ ರೋಲರ್ ಇಲ್ಲ, ನಾವೇ ತಳ್ಳಬೇಕು. ಮಣಿಕಟ್ಟಿನಷ್ಟು ದಪ್ಪದ ಕೊಂಬೆ ಹಾಕಿದರೂ ಎಂಜಿನ್ ಸದ್ದು ಇಳಿಯುತ್ತೆ, ಕೊಂಬೆ ಒಳಗೆ ಹೋಗದೆ ಕುಣಿಯುತ್ತೆ. ಹೊರಗೆ ಬರೋದು ಚೂರಲ್ಲ, ನಾರು ನಾರು. ಮತ್ತೆ ಮತ್ತೆ ಕಟ್ಟಿಕೊಳ್ಳುತ್ತೆ. ಒಂದು ಸಲ ನನ್ನ ತಮ್ಮ ಕಾಲಲ್ಲಿ ಒದ್ದು ಒಳಗೆ ತಳ್ಳಿದ. ಆಕ್ಸಿಲರೇಟರ್ ಕಮ್ಮಿ ಇಟ್ಟರೆ ಸೇಫ್ ಅಂತ ಅಣ್ಣ ಹೇಳ್ತಾನೆ. ಟ್ರ್ಯಾಕ್ಟರ್ ಗೇರ್‌ಬಾಕ್ಸ್ ಹೋಗುತ್ತೆ ಅಂತ ಪಕ್ಕದವರು ಹೆದರಿಸಿದ್ದಾರೆ. ಚೂರನ್ನು ಗಿಡದ ಬುಡಕ್ಕೆ ಹಾಕಿದರೆ ಮಣ್ಣಿನ ಸಾರ ಹೀರುತ್ತೆ, ಗೆದ್ದಲು ಬರುತ್ತೆ ಅಂತಲೂ ಕೇಳಿದ್ದೇವೆ. ಈ ಮಷಿನ್ ಈಗ ಮಾರಾಟಕ್ಕಿದೆ. ಕೊಳ್ಳೋದಾ, ಬೇಡವಾ?"

ಉತ್ತರ:

ನೀವು ಕೇಳಿದ ಪ್ರಶ್ನೆಗಳು ಹಲವು ಇವೆ. ಆದರೆ ನನ್ನ ಕಣ್ಣು ನಿಂತಿದ್ದು ನೀವು ಪ್ರಶ್ನೆಯಾಗಿ ಕೇಳದ ಒಂದು ಸಾಲಿನ ಮೇಲೆ. ತಮ್ಮ ಕಾಲಲ್ಲಿ ಒದ್ದ ಅಂದಿರಲ್ಲ, ಅದು. ದಯವಿಟ್ಟು ಮೊದಲು ಅದನ್ನು ನಿಲ್ಲಿಸಿ. ಮಷಿನ್ ಕೊಳ್ಳೋದು ಬಿಡೋದು ಆಮೇಲಿನ ಮಾತು.

ಕೃಷಿ ಯಂತ್ರಗಳ ರಿಪೇರಿಯೇ ನನ್ನ ಕೆಲಸ. ಚಿಪ್ಪರ್ ತರುವವರಲ್ಲಿ ಬಹಳ ಜನರ ದೂರು ನಿಮ್ಮದೇ: ಎಳೆಯಲ್ಲ, ಕುಣಿಯುತ್ತೆ, ಕಟ್ಟಿಕೊಳ್ಳುತ್ತೆ. ಇದನ್ನು ಕೆಲಸದ ತೊಂದರೆ ಅಂತ ಹೇಳಿಕೊಂಡು ಬರುತ್ತಾರೆ. ನಾನು ಅದನ್ನು ಅಪಾಯ ಅಂತ ನೋಡುತ್ತೇನೆ. ಚೆನ್ನಾಗಿ ಕತ್ತರಿಸುವ ಚಿಪ್ಪರ್‌ಗೆ ಯಾರೂ ಕೈ ಹಾಕಲು ಹೋಗಲ್ಲ, ಆ ಅಗತ್ಯವೇ ಬರಲ್ಲ, ಕೊಂಬೆಯ ಬುಡ ಒಳಗಿಟ್ಟು ಬಿಟ್ಟರೆ ಅದೇ ಎಳೆದುಕೊಳ್ಳುತ್ತದೆ. ಕತ್ತರಿಸದ ಚಿಪ್ಪರ್ ಮುಂದೆ ಮಾತ್ರ ಮನುಷ್ಯನಿಗೆ ತಾಳ್ಮೆ ಕೆಡುತ್ತದೆ, ಒಂದು ಹೆಜ್ಜೆ ಹತ್ತಿರ ಹೋಗುತ್ತಾನೆ, ಬಗ್ಗುತ್ತಾನೆ, ತಳ್ಳುತ್ತಾನೆ, ಒದೆಯುತ್ತಾನೆ. ಹಾಗಾಗಿ ನಿಮ್ಮ ಮಷಿನ್ ಕೆಲಸ ಮಾಡದಿರುವುದೂ ಅದು ಅಪಾಯಕಾರಿ ಆಗಿರುವುದೂ ಬೇರೆ ಬೇರೆ ಸಮಸ್ಯೆಯಲ್ಲ. ಮೊದಲನೆಯದನ್ನು ಸರಿ ಮಾಡಿದರೆ ಎರಡನೆಯದು ಮುಕ್ಕಾಲು ಪಾಲು ಸರಿಹೋಗುತ್ತದೆ.

ಅಣ್ಣನ ಮಾತಿನಿಂದ ಶುರು ಮಾಡೋಣ, ಏಕೆಂದರೆ ಈ ತಪ್ಪು ಕಲ್ಪನೆ ಎಲ್ಲ ಕಡೆ ಇದೆ. ಆಕ್ಸಿಲರೇಟರ್ ಕಮ್ಮಿ ಇಟ್ಟರೆ ಸೇಫ್ ಅಲ್ಲ. ಅದರಲ್ಲಿ ಅರ್ಧ ನಿಜ ಇದೆ: ಪಿಟಿಓ, ಅಂದರೆ ಎಂಜಿನ್ ಬಲವನ್ನು ಹಿಂದಿನ ಮಷಿನ್‌ಗೆ ಕೊಡುವ ಟ್ರ್ಯಾಕ್ಟರ್‌ನ ತಿರುಗುವ ಶಾಫ್ಟ್, ಎಂಗೇಜ್ ಮಾಡುವಾಗ ಎಂಜಿನ್ ನಿಧಾನವಾಗಿಯೇ ಇರಬೇಕು, ಇಲ್ಲದಿದ್ದರೆ ಚಿಪ್ಪರ್ ಒಳಗಿನ ಭಾರದ ಡಿಸ್ಕ್ ಒಂದೇ ಏಟಿಗೆ ತಿರುಗಬೇಕಾಗಿ ಕ್ಲಚ್‌ಗೂ ಶಾಫ್ಟ್‌ಗೂ ಪೆಟ್ಟು. ಆದರೆ ಎಂಗೇಜ್ ಆದ ಮೇಲೆ ಮೆಲ್ಲಗೆ ಏರಿಸಿ, ಪಿಟಿಓ 540 ಆರ್‌ಪಿಎಂ (ನಿಮಿಷಕ್ಕೆ 540 ಸುತ್ತು) ಮುಟ್ಟುವ ತನಕ ತರಬೇಕು, ಕೊಂಬೆ ಹಾಕುವುದು ಅದಾದ ನಂತರ. ನಿಮ್ಮ ಟ್ರ್ಯಾಕ್ಟರ್‌ನಲ್ಲಿ ಎಷ್ಟು ಎಂಜಿನ್ ಆರ್‌ಪಿಎಂಗೆ 540 ಬರುತ್ತದೆ ಅನ್ನೋದು ಮೀಟರ್ ಮೇಲೆ ಗುರುತು ಹಾಕಿರುತ್ತಾರೆ, ಇಲ್ಲವಾದರೆ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಒಂದೊಂದು ಟ್ರ್ಯಾಕ್ಟರ್‌ಗೆ ಒಂದೊಂದು, ಅಂದಾಜಿನ ಮೇಲೆ ನಡೆಸಬೇಡಿ.

ಕಾರಣ ಇಷ್ಟೇ. ಚಿಪ್ಪರ್ ಒಳಗೆ ದಪ್ಪನೆಯ ಕಬ್ಬಿಣದ ಡಿಸ್ಕ್ ಇದೆ, ಅದರ ಮೇಲೆ ಬ್ಲೇಡ್‌ಗಳು. ಕೊಂಬೆಗೆ ಬೀಳುವ ಪೆಟ್ಟು ನೇರವಾಗಿ ಎಂಜಿನ್‌ನಿಂದ ಬರುವುದಕ್ಕಿಂತ ಜಾಸ್ತಿ ಆ ಡಿಸ್ಕ್‌ನಲ್ಲಿ ಕೂಡಿಟ್ಟ ಶಕ್ತಿಯಿಂದ ಬರುತ್ತದೆ. ಈ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. ವೇಗ ಅರ್ಧ ಮಾಡಿದರೆ ಶಕ್ತಿ ಕಾಲು ಭಾಗಕ್ಕೆ ಇಳಿದಿರುತ್ತದೆ. 540 ಬದಲು 400ರಲ್ಲಿ ಓಡಿಸಿದರೆ "ಸ್ವಲ್ಪ ನಿಧಾನ" ಅಂತ ನಮಗೆ ಅನಿಸಬಹುದು, ಆದರೆ ಡಿಸ್ಕ್‌ನಲ್ಲಿ ಉಳಿದಿರುವುದು ಹೆಚ್ಚುಕಮ್ಮಿ 55 ಪರ್ಸೆಂಟ್ ಮಾತ್ರ. ಮಣಿಕಟ್ಟಿನ ದಪ್ಪದ ಕೊಂಬೆಗೇ ಎಂಜಿನ್ ಸದ್ದು ಇಳಿಯುವುದಕ್ಕೆ ಇದು ಒಂದು ಕಾರಣ ಇರಬಹುದು. ಮತ್ತೆ, ಎಷ್ಟೇ ನಿಧಾನವಾದರೂ ಆ ಡಿಸ್ಕ್ ಕೈಯನ್ನು ಬಿಡಲ್ಲ. 300 ಆರ್‌ಪಿಎಂನಲ್ಲಿ ತಿರುಗುವ ಬ್ಲೇಡ್ ಮೂಳೆಗೆ ಮೆತ್ತಗಿರುತ್ತದೆ ಅಂದುಕೊಳ್ಳಬೇಡಿ. ಕಮ್ಮಿ ವೇಗದಿಂದ ಸಿಕ್ಕಿದ್ದು ಜಾಸ್ತಿ ಕಟ್ಟಿಕೊಳ್ಳುವಿಕೆ, ಅದರಿಂದ ಬಂದದ್ದು ಆ ಒದೆತ.

540ಕ್ಕಿಂತ ಮೇಲೆ ಓಡಿಸಿದರೆ ಇನ್ನೂ ಚೆನ್ನಾಗಿ ಕತ್ತರಿಸುತ್ತದಾ? ಅದೂ ಬೇಡ. ಡಿಸ್ಕ್, ಬ್ಲೇಡ್ ಬೋಲ್ಟ್, ಬೇರಿಂಗ್ ಎಲ್ಲವೂ ಆ ವೇಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಕೆಲವು ಟ್ರ್ಯಾಕ್ಟರ್‌ಗಳಲ್ಲಿ 1000 ಆರ್‌ಪಿಎಂ ಪಿಟಿಓ ಕೂಡ ಇರುತ್ತದೆ, ಲಿವರ್ ಯಾವ ಕಡೆ ಇದೆ ಅಂತ ಪ್ರತಿ ಸಲ ನೋಡಿಕೊಳ್ಳಿ. ಇನ್ನು ಎಕಾನಮಿ ಪಿಟಿಓ, ಅಂದರೆ ಕಮ್ಮಿ ಎಂಜಿನ್ ಆರ್‌ಪಿಎಂನಲ್ಲೇ 540 ಕೊಡುವುದು, ಸಣ್ಣ ರೆಂಬೆಗೆ ಪರವಾಗಿಲ್ಲ. ದಪ್ಪ ಕೊಂಬೆಗೆ ಎಂಜಿನ್ ಹತ್ತಿರ ಅಷ್ಟು ಬಲ ಮಿಕ್ಕಿರಲ್ಲ.

ಈಗ ಬ್ಲೇಡ್. ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇಲ್ಲಿದೆ ಅಂತ ನನ್ನ ಅಂದಾಜು, ಯಾಕಂದರೆ "ನಾರು ನಾರು" ಅಂದಿರಿ.

ಹೊರಗೆ ಬಿದ್ದಿದ್ದನ್ನು ಒಂದು ಹಿಡಿ ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿ. ಮಷಿನ್ ಸರಿ ಇದ್ದರೆ ಚೂರಿನ ಎರಡೂ ತುದಿ ನುಣುಪಾಗಿ ಕತ್ತರಿಸಿರುತ್ತದೆ, ದಪ್ಪ ಹೆಚ್ಚುಕಮ್ಮಿ ಒಂದೇ ಸಮ, ತೊಗಟೆ ಚೂರಿಗೆ ಅಂಟಿಕೊಂಡೇ ಇರುತ್ತದೆ. ಬ್ಲೇಡ್ ಮೊಂಡಾಗಿದ್ದರೆ ತುದಿ ಜಜ್ಜಿರುತ್ತದೆ, ತೊಗಟೆ ಉದ್ದುದ್ದ ಪಟ್ಟಿಯಾಗಿ ಸೀಳಿರುತ್ತದೆ, ನಡುನಡುವೆ ಪುಡಿ ಜಾಸ್ತಿ. ಮರ ಕತ್ತರಿಸಿಲ್ಲ, ಹರಿದಿದೆ. ರೋಲರ್ ಇಲ್ಲದ ಚಿಪ್ಪರ್‌ನಲ್ಲಿ ಕೊಂಬೆಯನ್ನು ಒಳಗೆ ಎಳೆಯುವುದೂ ಇದೇ ಬ್ಲೇಡ್‌ನ ಕೋನ. ಅದು ಕಚ್ಚಿಕೊಂಡು ಎಳೆಯಬೇಕು. ಮೊಂಡಾದ ಬ್ಲೇಡ್ ಕಚ್ಚುವ ಬದಲು ಗುದ್ದುತ್ತದೆ, ಕೊಂಬೆ ಹಿಂದಕ್ಕೆ ಎಗರುತ್ತದೆ. ನೀವು "ಕುಣಿಯುತ್ತೆ" ಅಂದಿದ್ದು ಇದನ್ನೇ.

ಬ್ಲೇಡ್ ಒಂದೇ ಸಾಲದು. ಅದರ ಎದುರಿಗೆ ಅಲುಗಾಡದ ಒಂದು ಕಬ್ಬಿಣದ ಪಟ್ಟಿ ಇರುತ್ತದೆ, ಆನ್ವಿಲ್ ಅಂತಾರೆ. ಬ್ಲೇಡ್‌ಗೂ ಆನ್ವಿಲ್‌ಗೂ ನಡುವಿನ ಸಂದು ಬಹಳ ಮಷಿನ್‌ಗಳಲ್ಲಿ 1ರಿಂದ 3 ಮಿಲಿಮೀಟರ್ ಒಳಗೆ ಇರುತ್ತದೆ, ಸರಿಯಾದ ಅಳತೆ ನಿಮ್ಮ ಮಷಿನ್ ಮ್ಯಾನ್ಯುಯಲ್‌ನಲ್ಲಿ ನೋಡಬೇಕು. ಆನ್ವಿಲ್ ಅಂಚು ಸವೆದು ದುಂಡಗಾಗಿದ್ದರೆ, ಅಥವಾ ಸಂದು ಜಾಸ್ತಿ ಆಗಿದ್ದರೆ, ಹೊಸ ಬ್ಲೇಡ್ ಹಾಕಿದರೂ ನಾರೇ ಬರುತ್ತದೆ. ಸಡಿಲವಾದ ಕತ್ತರಿಯಲ್ಲಿ ಬಟ್ಟೆ ಕತ್ತರಿಸದೆ ಅಲಗುಗಳ ನಡುವೆ ಮಡಚಿಕೊಳ್ಳುತ್ತದಲ್ಲ, ಹಾಗೆ. ಆನ್ವಿಲ್‌ಗೆ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಅಂಚು ಇರುತ್ತದೆ, ತಿರುಗಿಸಿ ಹಾಕಬಹುದು. ಹಳೇ ಮಷಿನ್ ಕೊಟ್ಟವರು ಅದನ್ನು ಒಂದು ಸಲವೂ ತಿರುಗಿಸಿರಲ್ಲ, ಇದು ನಾನು ಪದೇ ಪದೇ ನೋಡುವ ಸಂಗತಿ.

ಬ್ಲೇಡ್ ಬಿಚ್ಚುವಾಗ ಡಿಸ್ಕ್ ತಿರುಗದಂತೆ ಲಾಕ್ ಪಿನ್ ಹಾಕಿ, ದಪ್ಪ ಗ್ಲೌಸ್ ತೊಡಿ. ಟ್ರ್ಯಾಕ್ಟರ್ ಆಫ್ ಆಗಿದ್ದರೂ ಡಿಸ್ಕ್ ಕೈಯಲ್ಲೇ ಸ್ವಲ್ಪ ತಿರುಗಿದರೆ ಸಾಕು, ಬೆರಳು ಬ್ಲೇಡ್‌ಗೂ ಆನ್ವಿಲ್‌ಗೂ ನಡುವೆ ಸಿಕ್ಕಿದರೆ ಹೋಯಿತು. ಎಲ್ಲ ಬ್ಲೇಡ್‌ಗಳನ್ನೂ ಒಟ್ಟಿಗೆ ಸಾಣೆ ಹಿಡಿಸಿ, ಒಂದೇ ತೂಕ ಒಂದೇ ಕೋನ ಇರಬೇಕು, ಇಲ್ಲದಿದ್ದರೆ ಡಿಸ್ಕ್ ಅದುರಿ ಬೇರಿಂಗ್ ತಿನ್ನುತ್ತದೆ. ಗ್ರೈಂಡರ್‌ನಲ್ಲಿ ಒತ್ತಿ ಹಿಡಿದು ಅಂಚು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಉಕ್ಕಿನ ಗಟ್ಟಿತನ ಹೋಯಿತು ಅಂತಲೇ ಅರ್ಥ, ಅಂಥ ಬ್ಲೇಡ್ ಹೆಚ್ಚು ಹೊತ್ತು ಚೂಪಾಗಿ ಉಳಿಯಲ್ಲ. ಸ್ವಲ್ಪ ಸ್ವಲ್ಪವೇ ಉಜ್ಜಿಸಿ, ನೀರು ಹಾಕಿ ತಣಿಸುತ್ತಾ. ವಾಪಸ್ ಕೂರಿಸುವಾಗ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ (ಬಿಗಿತ ಅಳೆದು ತೋರಿಸುವ ಸ್ಪ್ಯಾನರ್) ಬಿಗಿ ಮಾಡಿ, ಮತ್ತು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ ಇನ್ನೊಮ್ಮೆ ನೋಡಿ. ಬೋಲ್ಟ್ ಸಡಿಲವಾಗಿ ಬ್ಲೇಡ್ ಕಿತ್ತು ಬಂದರೆ ಅದನ್ನು ತಡೆಯುವಷ್ಟು ದಪ್ಪ ಹೊರಗಿನ ತಗಡಿಗೆ ಇರದೇ ಹೋಗಬಹುದು.

ಬ್ಲೇಡ್ ಬೇಗ ಮೊಂಡಾಗುವುದಕ್ಕೆ ಮುಖ್ಯ ಕಾರಣ ಮರ ಅಲ್ಲ, ಮಣ್ಣು. ಕಡಿದ ಕೊಂಬೆಯನ್ನು ಕೆಸರಿನಲ್ಲಿ ಎಳೆದುಕೊಂಡು ಬಂದು ಹಾಗೇ ಹಾಕುತ್ತಾರೆ, ತೊಗಟೆಗೆ ಮೆತ್ತಿದ ಮರಳು ಅಂಚನ್ನು ಒಂದೇ ದಿನದಲ್ಲಿ ತಿನ್ನುತ್ತದೆ. ಬೇರು ಹಾಕಲೇಬೇಡಿ. ಬೇಲಿ ಸಾಲಿನ ಮರವಾದರೆ ತಂತಿ, ಮೊಳೆ ಒಳಗೆ ಬೆಳೆದುಕೊಂಡಿರಬಹುದು, ಅದನ್ನು ಬದಿಗಿಡಿ. ಬಿದಿರು ಕೂಡ ಅಂಚಿಗೆ ಒಳ್ಳೆಯದಲ್ಲ, ಅದರಲ್ಲಿ ಸಿಲಿಕಾ ಜಾಸ್ತಿ. ತಾಳೆ ಜಾತಿಯ ಗರಿಗಳ ನಾರು ಡಿಸ್ಕ್ ಶಾಫ್ಟ್‌ಗೆ ಸುತ್ತಿಕೊಳ್ಳುತ್ತದೆ. ಬರೀ ಗರಿ ಹಾಕದೆ ನಡುನಡುವೆ ಗಟ್ಟಿ ಕೊಂಬೆ ಹಾಕುತ್ತಾ ಹೋದರೆ ಎಷ್ಟೋ ವಾಸಿ. ಮತ್ತೆ ರಾಶಿಯನ್ನು ಒಣಗಲು ಬಿಡಬೇಡಿ. ಹಸಿ ಕೊಂಬೆ ಸುಲಭವಾಗಿ ಕತ್ತರಿಸುತ್ತದೆ, ಒಣಗಿದ್ದು ಬ್ಲೇಡನ್ನೂ ಸವೆಸುತ್ತದೆ, ಪುಡಿಯನ್ನೂ ಎಬ್ಬಿಸುತ್ತದೆ. ಕಡಿದ ಒಂದೆರಡು ವಾರದಲ್ಲಿ ಮುಗಿಸಿಬಿಟ್ಟರೆ ಒಳ್ಳೆಯದು.

ಈಗ ಆ ಒದೆತದ ವಿಷಯಕ್ಕೆ ಬರುತ್ತೇನೆ. ಒಂದು ಲೆಕ್ಕ ಹೇಳುತ್ತೇನೆ, ನಿಮ್ಮ ತಮ್ಮನಿಗೂ ಓದಿ ಹೇಳಿ. ಬೆಲ್ಟ್ ಅಥವಾ ಗೇರ್ ಮೂಲಕ ಡಿಸ್ಕ್ ನಿಮಿಷಕ್ಕೆ 1000 ಸುತ್ತು ತಿರುಗುತ್ತದೆ, ಅದರಲ್ಲಿ 4 ಬ್ಲೇಡ್, ಒಂದೊಂದು ಬ್ಲೇಡ್ 8 ಮಿಲಿಮೀಟರ್ ಕತ್ತರಿಸುತ್ತದೆ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 32 ಮೀಟರ್ ಆಯಿತು. ಅಂದರೆ ಸೆಕೆಂಡಿಗೆ ಅರ್ಧ ಮೀಟರ್‌ಗಿಂತ ಜಾಸ್ತಿ. ಕೊಂಬೆಯ ಕವಲಿಗೆ ತೋಳು ಸಿಕ್ಕಿಕೊಂಡಿದೆ ಅಂತ ನಿಮಗೆ ಗೊತ್ತಾಗಿ, ಕೈ ಹಿಂದಕ್ಕೆ ಎಳೆಯಬೇಕು ಅಂತ ಅನಿಸಿ, ಎಳೆಯುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಒದ್ದ ಕಾಲಿನ ಕಥೆಯೂ ಇದೇ, ಮೇಲಾಗಿ ಒಂದು ಕಾಲಲ್ಲಿ ನಿಂತವನಿಗೆ ಹಿಂದಕ್ಕೆ ಎಳೆದುಕೊಳ್ಳಲು ನೆಲದಲ್ಲಿ ಆಧಾರವೂ ಇರಲ್ಲ.

ಇನ್ನೊಬ್ಬರು ಟ್ರ್ಯಾಕ್ಟರ್ ಹತ್ತಿರ ನಿಂತಿದ್ದರೆ ತಕ್ಷಣ ಆಫ್ ಮಾಡಬಹುದಲ್ವಾ ಅಂತ ಕೇಳಬಹುದು. ಇನ್ನೊಬ್ಬರು ಇರಲೇಬೇಕು, ಒಬ್ಬರೇ ಈ ಕೆಲಸಕ್ಕೆ ಇಳಿಯಬಾರದು. ಆದರೆ ಅವರ ಮೇಲೆ ಭಾರ ಹಾಕಿ ಧೈರ್ಯ ಮಾಡಬೇಡಿ. ಪಿಟಿಓ ಬಿಟ್ಟ ಮೇಲೂ ಆ ಭಾರದ ಡಿಸ್ಕ್ ತನ್ನ ಓಟದಲ್ಲೇ ತಿರುಗುತ್ತಿರುತ್ತದೆ, ನಿಲ್ಲಲು ಒಂದು ನಿಮಿಷವೋ ಇನ್ನೂ ಜಾಸ್ತಿಯೋ ಬೇಕಾಗಬಹುದು. ರೋಲರ್ ಇರುವ ಮಷಿನ್‌ಗಳಲ್ಲಿ ಕೊಂಬೆ ಹಾಕುವ ಬಾಯಿಯ ಅಂಚಿನಲ್ಲೇ ಒಂದು ಸರಳು ಇರುತ್ತದೆ, ಅದನ್ನು ತಳ್ಳಿದರೆ ರೋಲರ್ ನಿಲ್ಲುತ್ತದೆ ಅಥವಾ ಹಿಂದಕ್ಕೆ ತಿರುಗುತ್ತದೆ. ನಿಮ್ಮದರಲ್ಲಿ ಅದೂ ಇಲ್ಲ. ನೀವು ನಿಂತ ಜಾಗದಿಂದ ನಿಲ್ಲಿಸುವ ದಾರಿಯೇ ಇಲ್ಲ ಅನ್ನೋದು ತಲೆಯಲ್ಲಿರಲಿ.

ಹಾಗಾದರೆ ಹಾಕೋದು ಹೇಗೆ? ಬಾಯಿಯ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಕೊಂಬೆಯ ಬುಡ ಮೊದಲು, ತುದಿ ಆಮೇಲೆ. ಬುಡ ಬ್ಲೇಡ್‌ಗೆ ತಾಗಿ ಎಳೆಯಲು ಶುರುವಾದ ಕೂಡಲೇ ಬಿಟ್ಟು, ಬೆನ್ನು ತಿರುಗಿಸಿ ಇನ್ನೊಂದು ತರಲು ನಡೆಯಿರಿ. ಕೊನೆ ತನಕ ಹಿಡಿದುಕೊಂಡು ಒಳಗೆ ಬಿಟ್ಟು ಬರುವ ಅಭ್ಯಾಸ ಕೆಲವರಿಗೆ, ಅದನ್ನು ಬಿಡಿಸಿ. ಅಗಲವಾಗಿ ಕವಲೊಡೆದ ಕೊಂಬೆ ಬಾಯಲ್ಲಿ ಅಡ್ಡ ನಿಲ್ಲುತ್ತದೆ, ಕವಲನ್ನು ನೆಲದ ಮೇಲೇ ಮಚ್ಚಿನಿಂದಲೋ ಗರಗಸದಿಂದಲೋ ಅರ್ಧ ಕಡಿದು ಮಡಚಿ ಹಾಕಿ. ಕಟ್ಟಿಕೊಂಡಿದ್ದರಲ್ಲಿ ಅರ್ಧಕ್ಕರ್ಧ ಹೀಗೆ ಸಿದ್ಧ ಮಾಡದೆ ಹಾಕಿದ ಕವಲುಗಳೇ ಇರುತ್ತವೆ.

ಗಿಡ್ಡ ತುಂಡುಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು. ಜನ ಉದ್ದ ಕೊಂಬೆಗೆ ಹೆದರುತ್ತಾರೆ, ಗಿಡ್ಡದ್ದನ್ನು ಸುಮ್ನೆ ಕೈಯಲ್ಲಿ ತಳ್ಳುತ್ತಾರೆ. ಗಿಡ್ಡ ತುಂಡು ಹಾಕಬೇಕು ಅಂದರೆ ಕೈ ಅಷ್ಟು ಒಳಗೆ ಹೋಗಲೇಬೇಕು, ಮೇಲಾಗಿ ಅದು ತಿರುಗಿ ಮುಖಕ್ಕೆ ಎಗರುತ್ತದೆ. ಅವನ್ನು ಬಾಯಿಯ ತಟ್ಟೆಯ ಮೇಲೆ ಹಾಗೇ ಬಿಡಿ, ಮುಂದಿನ ಉದ್ದ ಕೊಂಬೆ ತಳ್ಳಿಕೊಂಡು ಹೋಗುತ್ತದೆ. ಎಲೆ, ಕಡ್ಡಿ, ಪುಡಿಗೂ ಇದೇ ಉಪಾಯ. ತಳ್ಳಲೇಬೇಕು ಅಂದರೆ ಉದ್ದನೆಯ ಮರದ ಕೋಲು ಇರಲಿ, ಕಬ್ಬಿಣದ ಸರಳಾಗಲೀ ಹಾರೆಯಾಗಲೀ ಬೇಡ. ಕೋಲು ಒಳಗೆ ಹೋದರೆ ಚೂರಾಗುತ್ತದೆ ಅಷ್ಟೆ.

ನನಗೆ ಎಲ್ಲಕ್ಕಿಂತ ಭಯ ಬಳ್ಳಿ ಮತ್ತು ಹಗ್ಗ. ಮರಕ್ಕೆ ಹಬ್ಬಿದ ಬಳ್ಳಿಯನ್ನು ಕೊಂಬೆಯ ಜೊತೆಗೇ ಎಳೆದುಕೊಂಡು ಬಂದಿರುತ್ತಾರೆ, ಅದರ ಒಂದು ತುದಿ ಒಳಗೆ ಹೋಗುತ್ತದೆ, ಇನ್ನೊಂದು ಕಾಲಿಗೆ ಸುತ್ತಿಕೊಂಡಿರುತ್ತದೆ, ನಿಂತವನಿಗೆ ಗೊತ್ತೇ ಇರಲ್ಲ. ಕೊಂಬೆ ಎಳೆಯಲು ಕಟ್ಟಿದ ಹಗ್ಗ ಬಿಚ್ಚದೆ ಉಳಿದರೂ ಅಷ್ಟೆ. ಬಳ್ಳಿಯನ್ನು ಮೊದಲೇ ತುಂಡು ಮಾಡಿ ಬೇರೆ ರಾಶಿ ಹಾಕಿ, ಕೆಲಸದ ಜಾಗದಲ್ಲಿ ಹಗ್ಗ ಬಿದ್ದಿರಬಾರದು. ಹೆಗಲ ಮೇಲೆ ಬಟ್ಟೆ ಬೇಡ, ಸಡಿಲ ತೋಳು ಬೇಡ, ಉದ್ದ ಕೂದಲು ಕಟ್ಟಿರಬೇಕು. ಗ್ಲೌಸ್ ಕೈಗೆ ಬಿಗಿಯಾಗಿ ಕೂರುವಂಥದ್ದು ಇರಲಿ, ಮುಂಗೈ ತನಕ ಅಗಲವಾಗಿ ಬಾಯಿ ತೆರೆದಿರುವ ಗ್ಲೌಸ್ ರೆಂಬೆಗೆ ಸಿಕ್ಕುತ್ತದೆ. ಕಣ್ಣಿಗೆ ಕನ್ನಡಕ ಅಥವಾ ಮುಖಕ್ಕೆ ಜಾಲರಿ, ಗಟ್ಟಿ ಬೂಟು. ಕಿವಿಗೆ ಇಯರ್ ಮಫ್ ಕೂಡ ಬೇಕು, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಚಿಪ್ಪರ್ ಪಕ್ಕದಲ್ಲಿ ಸದ್ದು 100 ಡೆಸಿಬಲ್ ಸುಲಭವಾಗಿ ದಾಟುತ್ತದೆ, ಆ ಮಟ್ಟದಲ್ಲಿ ಏನೂ ಹಾಕಿಕೊಳ್ಳದೆ ದಿನಕ್ಕೆ 15 ನಿಮಿಷವೇ ಮಿತಿ ಅಂತ ಹೇಳುತ್ತಾರೆ. ಹೋದ ಕಿವಿ ವಾಪಸ್ ಬರಲ್ಲ.

ಕಟ್ಟಿಕೊಂಡಾಗ ಮಾಡಬೇಕಾದ್ದಕ್ಕೆ ಒಂದೇ ದಾರಿ, ಅದರಲ್ಲಿ ಯಾವ ಮೆಟ್ಟಿಲನ್ನೂ ಬಿಡುವ ಹಾಗಿಲ್ಲ. ಪಿಟಿಓ ಬಿಡಿ, ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿ. ಡಿಸ್ಕ್ ಪೂರ್ತಿ ನಿಂತಿದ್ದು ಕಣ್ಣಿಂದ ನೋಡಿ, ಕಿವಿಯಿಂದ ಅಂದಾಜು ಮಾಡಬೇಡಿ. ಲಾಕ್ ಪಿನ್ ಹಾಕಿ. ಆಮೇಲೆ ಕವರ್ ತೆಗೆದು ಬಿಡಿಸಿ. ಕೀ ಜೇಬಿಗೆ ಅಂದಿದ್ದು ಯಾಕೆಂದರೆ ನೀವು ಒಳಗೆ ಕೈ ಹಾಕಿರುವಾಗ ಇನ್ನೊಬ್ಬರು ಸಹಾಯ ಮಾಡೋಣ ಅಂತ ಸ್ಟಾರ್ಟ್ ಮಾಡಬಾರದಲ್ಲ, ಅದಕ್ಕೆ. ಮತ್ತೆ ಕೆಲಸ ನಿಲ್ಲಿಸುವ ಮುಂಚೆ ಒಳಗಿರುವ ಚೂರೆಲ್ಲ ಹೊರಗೆ ಬೀಳುವ ತನಕ ಖಾಲಿ ಓಡಿಸಿ, ಇಲ್ಲದಿದ್ದರೆ ಮುಂದಿನ ಸಲ ಸ್ಟಾರ್ಟ್ ಮಾಡಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಒದ್ದೆ ಎಲೆ ಹೊರಗೆ ಬೀಳುವ ಕೊಳವೆಯಲ್ಲಿ ಮೆತ್ತಿಕೊಳ್ಳುವುದೂ ಸಾಮಾನ್ಯ. ಮಳೆಯಲ್ಲಿ ನೆಂದ ಸೊಪ್ಪಿನ ರಾಶಿಯನ್ನು ಒಂದು ದಿನ ಆರಲು ಬಿಡಿ.

ಟ್ರ್ಯಾಕ್ಟರ್ ಮತ್ತು ಚಿಪ್ಪರ್ ನಡುವಿನ ಶಾಫ್ಟ್ ಬಗ್ಗೆ ನೀವು ಏನೂ ಬರೆದಿಲ್ಲ, ಆದರೆ ಹಳೇ ಮಷಿನ್ ಅಂದ ಕೂಡಲೇ ನಾನು ಮೊದಲು ಬಗ್ಗಿ ನೋಡುವುದು ಅದನ್ನೇ. 540 ಅಂದರೆ ಸೆಕೆಂಡಿಗೆ 9 ಸುತ್ತು. 7 ಸೆಂಟಿಮೀಟರ್ ದಪ್ಪದ ಶಾಫ್ಟ್‌ಗೆ ಬಟ್ಟೆಯ ಅಂಚು ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ ಹೆಚ್ಚುಕಮ್ಮಿ 2 ಮೀಟರ್ ಸುತ್ತಿಕೊಳ್ಳುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಗಾರ್ಡ್ ಇರಬೇಕು, ಒಡೆದಿರಬಾರದು, ಅದರ ಸರಪಳಿಯನ್ನು ಕಟ್ಟಿರಬೇಕು. ಮಷಿನ್ ನಿಂತಾಗ ಗಾರ್ಡನ್ನು ಕೈಯಲ್ಲಿ ತಿರುಗಿಸಿ ನೋಡಿ, ಶಾಫ್ಟ್ ತಿರುಗದೆ ಅದು ಮಾತ್ರ ಸಲೀಸಾಗಿ ತಿರುಗಬೇಕು. ಓಡುತ್ತಿರುವಾಗ ಟ್ರ್ಯಾಕ್ಟರ್‌ಗೂ ಚಿಪ್ಪರ್‌ಗೂ ನಡುವೆ ಯಾರೂ ದಾಟಬಾರದು.

ಗೇರ್‌ಬಾಕ್ಸ್ ಹೋಗುತ್ತೆ ಅನ್ನೋ ಪಕ್ಕದವರ ಮಾತು ಪೂರ್ತಿ ಸುಳ್ಳಲ್ಲ. ಹೋಗುವುದು ಚಿಪ್ಪರ್‌ನಿಂದಲ್ಲ, ತಪ್ಪಾಗಿ ಜೋಡಿಸಿದ್ದರಿಂದ. ಶಾಫ್ಟ್ ಉದ್ದ ಜಾಸ್ತಿ ಇದ್ದರೆ ಲಿಫ್ಟ್ ಎತ್ತಿ ಇಳಿಸುವಾಗ ಅದು ಕುಗ್ಗಲು ಜಾಗ ಸಿಗದೆ ಪಿಟಿಓ ಬೇರಿಂಗನ್ನು ಗುದ್ದುತ್ತದೆ. ಗಿಡ್ಡವಾಗಿದ್ದರೆ ಎರಡು ಕೊಳವೆ ಒಂದರೊಳಗೊಂದು ಸಾಕಷ್ಟು ಕೂರದೆ ಬಾಗುತ್ತದೆ ಅಥವಾ ಕಳಚುತ್ತದೆ. ಕೆಲಸದ ಭಂಗಿಯಲ್ಲಿ ಕೊಳವೆಯ ಮೂರನೇ ಒಂದು ಭಾಗವಾದರೂ ಒಳಗಿರಬೇಕು. ಶಾಫ್ಟ್‌ನಲ್ಲಿ ಶಿಯರ್ ಬೋಲ್ಟ್ ಅಥವಾ ಸ್ಲಿಪ್ ಕ್ಲಚ್ (ಭಾರ ಮಿತಿ ಮೀರಿದಾಗ ಜಾರುವ ಕ್ಲಚ್) ಇರುತ್ತದೆ. ಗಟ್ಟಿ ಗಂಟು ಸಿಕ್ಕಾಗ ಬೋಲ್ಟ್ ತುಂಡಾಗಿ ಗೇರ್‌ಬಾಕ್ಸ್ ಉಳಿಯಬೇಕು, ಅದರ ಕೆಲಸವೇ ಅದು. ಪದೇ ಪದೇ ತುಂಡಾಗುತ್ತೆ ಅಂತ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ತುಂಡಾಗುವುದು ದುಬಾರಿ ಭಾಗ. ಹಾಗೆಯೇ ಓವರ್‌ರನ್ ಕ್ಲಚ್ ಇದೆಯಾ ಕೇಳಿ. ಎಂಜಿನ್ ನಿಧಾನ ಮಾಡಿದಾಗ ಡಿಸ್ಕ್ ತನ್ನ ಓಟದಲ್ಲಿ ಟ್ರ್ಯಾಕ್ಟರನ್ನು ಹಿಂದಿನಿಂದ ತಿರುಗಿಸಲು ನೋಡುತ್ತದೆ, ಆ ಹೊಡೆತವನ್ನು ಇದು ತಪ್ಪಿಸುತ್ತದೆ.

ಇನ್ನು ನಿಮ್ಮ 35 ಎಚ್‌ಪಿ. ಅದು ಎಂಜಿನ್ ಲೆಕ್ಕ, ಪಿಟಿಓಗೆ ಬರುವಾಗ 30ರ ಆಸುಪಾಸು ಉಳಿಯುತ್ತದೆ. ಇಂಚಿಗೆ ಸುಮಾರು 5 ಎಚ್‌ಪಿ ಅಂತ ನಾವು ಒರಟಾಗಿ ಲೆಕ್ಕ ಹಾಕುತ್ತೇವೆ, ಆ ಪ್ರಕಾರ ಆರು ಇಂಚು ನಿಮ್ಮ ಟ್ರ್ಯಾಕ್ಟರ್‌ನ ತುತ್ತತುದಿ. ಮಾರುವವರು ಹೇಳುವ ಆರು ಇಂಚು ಅಂದರೆ ಬಾಯಿಯಲ್ಲಿ ಹಿಡಿಸುವ ಅಳತೆ, ದಿನವಿಡೀ ಕತ್ತರಿಸುವ ಅಳತೆಯಲ್ಲ. 15 ಸೆಂಟಿಮೀಟರ್ ಕೊಂಬೆಯಲ್ಲಿ 10 ಸೆಂಟಿಮೀಟರ್ ಕೊಂಬೆಗಿಂತ ಎರಡೂಕಾಲು ಪಟ್ಟು ಮರ ಇರುತ್ತದೆ. ನೀವು 10 ಸೆಂಟಿಮೀಟರ್ ಒಳಗಿನದನ್ನು ಹಾಕಿ, ಅದಕ್ಕಿಂತ ದಪ್ಪದ್ದನ್ನು ತುಂಡು ಮಾಡಿ ಸೌದೆಗೆ ಇಡಿ. ಸೌದೆಯಾಗುವ ಮರವನ್ನು ಚೂರು ಮಾಡಿ ಡೀಸೆಲ್ ಸುಡುವುದರಲ್ಲಿ ನನಗಂತೂ ಅರ್ಥ ಕಾಣಲ್ಲ. ಇನ್ನೊಂದು, ಹಿಂದೆ ಚಿಪ್ಪರ್ ತೂಗುಹಾಕಿದರೆ ಮುಂದಿನ ಚಕ್ರ ಹಗುರವಾಗಿ ಸ್ಟೀರಿಂಗ್ ಹಿಡಿತ ಕಮ್ಮಿಯಾಗುತ್ತದೆ. ಇಳಿಜಾರಿನಲ್ಲಿ ಒಯ್ಯುವುದಾದರೆ ಮುಂದೆ ತೂಕ ಹಾಕಿ, ಕೆಲಸ ಮಾಡುವಾಗ ಮಟ್ಟ ನೆಲದಲ್ಲಿ ಚಿಪ್ಪರನ್ನು ನೆಲಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ.

ಚೂರಿನ ಬಗ್ಗೆ ಇರುವ ಹೆದರಿಕೆಗೆ ಕಾರಣ ಇದೆ, ಆದರೆ ಅದು ಬೇರೆ ಸಂದರ್ಭಕ್ಕೆ ಸೇರಿದ್ದು. ಮರದಲ್ಲಿ ಇಂಗಾಲ ಬಹಳ, ಸಾರಜನಕ ತೀರಾ ಕಮ್ಮಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಮಣ್ಣಿನಿಂದ ತೆಗೆದುಕೊಳ್ಳುತ್ತವೆ. ಚೂರನ್ನು ಮಣ್ಣಿನ ಒಳಗೆ ಉಳುಮೆ ಮಾಡಿ ಬೆರೆಸಿದರೆ ಬೇರಿನ ಮಟ್ಟದಲ್ಲೇ ಈ ಪೈಪೋಟಿ ನಡೆದು ಗಿಡ ಹಳದಿಯಾಗುವುದು ನಿಜ. ಮೇಲೆ ಹೊದಿಕೆಯಾಗಿ ಹರಡಿದರೆ ಚೂರು ಮತ್ತು ಮಣ್ಣು ತಾಗುವ ತೆಳು ಪದರದಲ್ಲಿ ಮಾತ್ರ ಹಾಗಾಗುತ್ತದೆ, ಆಳದ ಬೇರಿಗೆ ಗೊತ್ತೂ ಆಗಲ್ಲ. ಮರ, ಪೊದೆಗಳಿಗೆ ಧಾರಾಳವಾಗಿ ಹಾಕಿ. ಬೀಜ ಬಿತ್ತಿದ ಪಾತಿಗೆ, ಎಳೇ ಸಸಿಗೆ ಬೇಡ. 5ರಿಂದ 10 ಸೆಂಟಿಮೀಟರ್ ದಪ್ಪ ಸಾಕು, ಕಾಂಡದಿಂದ ಒಂದು ಗೇಣು ದೂರ ಬಿಡಿ, ಕಾಂಡಕ್ಕೆ ಒತ್ತಿ ಹಾಕಿದರೆ ತೇವ ನಿಂತು ತೊಗಟೆ ಕೊಳೆಯುತ್ತದೆ.

ಗೆದ್ದಲು ಚೂರಿನಿಂದ ಹುಟ್ಟಲ್ಲ, ಮಣ್ಣಿನಲ್ಲಿ ಮೊದಲೇ ಇರುತ್ತದೆ. ತೇವ ಇರುವ ಹೊದಿಕೆ ಅದಕ್ಕೆ ಮರೆ ಕೊಡಬಹುದು, ಹಾಗಾಗಿ ಗೋಡೆಗೆ, ಮರದ ಕಂಬಗಳಿಗೆ ತಾಗಿಸಿ ಹಾಕಬೇಡಿ. ಕಣಗಿಲೆಯಂಥ ವಿಷದ ಗಿಡದ ಚೂರು ದನ ಕುರಿಗೆ ಸಿಗುವ ಕಡೆ ಬೀಳಬಾರದು. ಬೇರು ಕೊಳೆ ರೋಗದಿಂದ ಸತ್ತ ಮರದ ಚೂರನ್ನು ಅದೇ ಜಾತಿಯ ಗಿಡದ ಬುಡಕ್ಕೆ ಹಾಕದೆ ಬೇರೆ ಕಡೆ ಬಳಸಿ. ಹಸಿ ಚೂರನ್ನು ಎತ್ತರದ ರಾಶಿ ಹಾಕಿದರೆ ಒಳಗೆ 60 ಡಿಗ್ರಿ ದಾಟುವಷ್ಟು ಕಾವು ಏರುತ್ತದೆ, ಬೂಷ್ಟು ಬೆಳೆಯುತ್ತದೆ. ಆ ಹಳೇ ರಾಶಿ ಕೆದಕುವಾಗ ಏಳುವ ಬೂದು ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿಕೊಳ್ಳಿ, ಅಥವಾ ಮೊದಲೇ ತೆಳ್ಳಗೆ ಹರಡಿಬಿಡಿ.

ಕೊಳ್ಳೋದಾ ಬೇಡವಾ? ನಿಮಗೆ ಈ ಕೆಲಸ ವರ್ಷಕ್ಕೊಮ್ಮೆ ಬರುವುದಾದರೆ ಬೇಡ. ಸ್ವಂತ ಎಂಜಿನ್, ರೋಲರ್ ಇರುವ ದೊಡ್ಡ ಚಿಪ್ಪರನ್ನು ನಡೆಸುವವರ ಸಮೇತ ಬಾಡಿಗೆಗೆ ತರಿಸಿ, ಕೊಂಬೆಯನ್ನು ಬುಡ ಒಂದೇ ಕಡೆ ಬರುವ ಹಾಗೆ ಮೊದಲೇ ಜೋಡಿಸಿಟ್ಟರೆ ಅವರ ಸಮಯ ಎಷ್ಟೋ ಉಳಿಯುತ್ತದೆ. ಹತ್ತಿರದಲ್ಲಿ ಅಂಥದ್ದು ಸಿಗದಿದ್ದರೆ ಎಲ್ಲವನ್ನೂ ಚೂರು ಮಾಡಲೇಬೇಕು ಅಂತಿಲ್ಲ. ಸಣ್ಣ ರೆಂಬೆಗಳನ್ನು ಗಡಿಯುದ್ದಕ್ಕೂ ಒತ್ತಾಗಿ ಪೇರಿಸಿ ಬಿಟ್ಟರೆ ಒಂದೆರಡು ವರ್ಷದಲ್ಲಿ ತಾನೇ ಕುಸಿಯುತ್ತದೆ, ಹಕ್ಕಿ ಹುಳ ಸೇರಿಕೊಳ್ಳುತ್ತವೆ. ಹಾವು ಸೇರುವ ಸಾಧ್ಯತೆ, ಬೇಸಿಗೆಯಲ್ಲಿ ಬೆಂಕಿಯ ಅಪಾಯ ಎರಡೂ ಇರುವುದರಿಂದ ಮನೆಯಿಂದ ದೂರ ಇರಲಿ.

ಪ್ರತಿ ವರ್ಷ ಇಷ್ಟೇ ದೊಡ್ಡ ರಾಶಿ ಬೀಳುವುದಾದರೆ ಮಷಿನ್ ಬೇಕು, ಆಗ ನಾನು ಹೇಳುವುದು ರೋಲರ್ ಇರುವುದನ್ನೇ. ಅದರಲ್ಲೂ ಡಿಸ್ಕ್ ವೇಗ ಇಳಿದಾಗ ರೋಲರ್ ತಾನಾಗೇ ನಿಂತು, ವೇಗ ಏರಿದ ಮೇಲೆ ಮತ್ತೆ ಎಳೆಯುವ ಸೌಲಭ್ಯ ಇರುವ ಮಷಿನ್‌ನಲ್ಲಿ ಕಟ್ಟಿಕೊಳ್ಳುವುದು ಬಹಳ ಕಮ್ಮಿ. ಆದರೆ ಅದು ದುಬಾರಿ, ತೂಕ ಜಾಸ್ತಿ, ಸಿಕ್ಕಿಬಿದ್ದವರನ್ನು ಬಿಡದೆ ಎಳೆಯುವುದೂ ಜಾಸ್ತಿ, ಆದ್ದರಿಂದ ಬಾಯಿಯ ಅಂಚಿನ ಆ ಸರಳು ಸರಿಯಾಗಿ ಕೆಲಸ ಮಾಡುತ್ತದಾ ಅಂತ ದಿನಾ ಬೆಳಗ್ಗೆ ನೋಡಿಕೊಳ್ಳಬೇಕು.

ಈಗಿನ ಹಳೇ ಮಷಿನನ್ನೇ ಇಟ್ಟುಕೊಳ್ಳುವ ಮನಸ್ಸಿದ್ದರೆ ದುಡ್ಡು ಕೊಡುವ ಮುಂಚೆ ಬ್ಲೇಡ್ ಸಾಣೆ ಹಿಡಿಸಿ, ಆನ್ವಿಲ್ ಅಂಚು ತಿರುಗಿಸಿ, ಸಂದು ಸರಿ ಮಾಡಿ, 540ರಲ್ಲಿ ಒಮ್ಮೆ ಓಡಿಸಿ ನೋಡಿ. ಬುಡ ತಾಗಿದ ಕೂಡಲೇ ಕೊಂಬೆಯನ್ನು ತಾನೇ ಎಳೆದುಕೊಂಡು ನುಣುಪಾದ ಚೂರು ಉಗುಳಿದರೆ ಮಷಿನ್ ಜೀವಂತ ಇದೆ. ಬ್ಲೇಡ್‌ನಲ್ಲಿ ಇನ್ನು ಸಾಣೆ ಹಿಡಿಯುವಷ್ಟು ಅಗಲ ಉಳಿದಿದೆಯಾ, ಡಿಸ್ಕನ್ನು ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಆಡುತ್ತದಾ, ಡಿಸ್ಕ್ ಮೇಲೆ ಬಿರುಕು ಅಥವಾ ವೆಲ್ಡಿಂಗ್ ಗುರುತು ಇದೆಯಾ, ಇವನ್ನು ಟಾರ್ಚ್ ಹಾಕಿ ನೋಡಿ. ಕೊನೆಗೆ ಟೇಪ್ ಹಿಡಿದು ಬಾಯಿಯ ಉದ್ದ ಅಳೆಯಿರಿ. ಕೈ ಪೂರ್ತಿ ಚಾಚಿದರೂ ಬ್ಲೇಡ್ ಮುಟ್ಟಬಾರದು ಅಂತಲೇ ಅದನ್ನು ಅಷ್ಟು ಉದ್ದ ಮಾಡಿರುತ್ತಾರೆ, ಸಾಗಿಸಲು ತೊಡಕು ಅಂತ ಕೆಲವರು ಅದನ್ನು ಕತ್ತರಿಸಿ ಗಿಡ್ಡ ಮಾಡಿರುತ್ತಾರೆ. ನಿಮ್ಮ ತಮ್ಮನ ಕಾಲು ಬ್ಲೇಡ್ ಹತ್ತಿರದ ಕೊಂಬೆಗೆ ಅಷ್ಟು ಸುಲಭವಾಗಿ ಎಟುಕಿತು ಅಂದಾಗಿನಿಂದ ನನಗೆ ಇದೇ ಅನುಮಾನ. ಹಾಗೆ ಕತ್ತರಿಸಿದ್ದು ಕಂಡರೆ ಮೂಲ ಅಳತೆಯ ಬಾಯಿ ಮತ್ತೆ ಕೂರಿಸುವ ತನಕ ಆ ಮಷಿನ್‌ಗೆ ಶಾಫ್ಟ್ ಜೋಡಿಸಬೇಡಿ.